ವೇಬ್ರಿಡ್ಜ್ ಮೇಲೆ ನಾಲ್ಕು ಸಲ

ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಇಳಿಯುವಾಗ ಆನೆಕಾಡಿನ ಬಳಿ ನನ್ನ ಜೀಪಿಗೆ ಸಿಕ್ಕಿಸಿದ್ದ ಟ್ರೇಲರ್ ಬಾಲ ಬೀಸತೊಡಗಿತು. ಅದರಲ್ಲಿ ರೊಬಸ್ಟಾ ಕಾಫಿ ಚೆರಿಯ ಇಪ್ಪತ್ತು ಮೂಟೆಗಳಿದ್ದವು. ಎಕ್ಸಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರ ಹಿಡಿದು ಕುಳಿತೆ. ವೇಗ ಇಳಿದ ಮೇಲೆ ಅದೂ ತೆಪ್ಪಗಾಯಿತು, ನನ್ನ ಎದೆಬಡಿತ ಮಾತ್ರ ಆಗಲಿಲ್ಲ.

ಟ್ರೇಲರ್‌ನ ತಗಡಿನ ಮೇಲೆ 1,500 ಕೆ.ಜಿ. ಎಂದು ಅಚ್ಚಾಗಿತ್ತು. ಅಷ್ಟು ಸರಕು ಹೇರಬಹುದೆಂದು ನಾನು ತಿಳಿದಿದ್ದೆ. ಅದು ಟ್ರೇಲರ್ ಮತ್ತು ಸರಕು ಸೇರಿದ ತೂಕವಂತೆ! ಆರ್‌ಸಿಯಲ್ಲಿ ಖಾಲಿ ತೂಕ 420 ಕೆ.ಜಿ. ಐವತ್ತು ಕೆ.ಜಿ.ಯ ಇಪ್ಪತ್ತು ಮೂಟೆ ಎಂದರೆ 1,000. ಕಾಗದದ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನ ವೇಬ್ರಿಡ್ಜ್‌ನಲ್ಲಿ ಇಳಿಸುವ ಮೊದಲೇ ತೂಗಿಸಿದೆ. ಮೊದಲು ಟ್ರೇಲರನ್ನು ಬಿಚ್ಚಿ ಅದೊಂದನ್ನೇ ತೂಗಿದಾಗ 1,610. ಬರೀ ಜೀಪು 1,640. ಟ್ರೇಲರ್ ಸಿಕ್ಕಿಸಿ, ಅದರ ಚಕ್ರಗಳನ್ನು ಹಲಗೆಯ ಹೊರಗಿಟ್ಟು ಜೀಪಿನ ಚಕ್ರಗಳನ್ನಷ್ಟೇ ಮೇಲೆ ನಿಲ್ಲಿಸಿದಾಗ 1,690. ಮೂಟೆ ಇಳಿಸಿದ ಮೇಲೆ ಖಾಲಿ ಟ್ರೇಲರ್ 510. “ಒಂದೇ ಲೋಡಿಗೆ ಎಷ್ಟು ಸಲ ಅಣ್ಣಾ?” ಎಂದು ತೂಕದವನು ಸಿಡುಕಿದ.

ಖಾಲಿ ತೂಕದಲ್ಲಿ ಹೆಚ್ಚಾದ 90 ಕೆ.ಜಿ. ನನ್ನದೇ ಕೃಪೆ: ಬೆಸುಗೆ ಹಾಕಿಸಿದ ಕಬ್ಬಿಣದ ಜಾಲರಿ, ಸ್ಟೆಪ್ನಿ, ಟಾರ್ಪಾಲು. ಕಣ್ಣಳತೆಯಲ್ಲಿ ತುಂಬಿದ ಮೂಟೆಗಳು ಸರಾಸರಿ 55 ಕೆ.ಜಿ. ತೂಗಿದ್ದವು. ಆದರೆ ಬಾಲ ಬೀಸಿದ್ದಕ್ಕೆ ಉತ್ತರ ಬೇರೆಯೇ ಲೆಕ್ಕದಲ್ಲಿತ್ತು. 1,690ರಲ್ಲಿ 1,640 ಕಳೆದರೆ ಉಳಿಯುವ 50 ಕೆ.ಜಿ.ಯೇ ಟ್ರೇಲರಿನ ಮೂತಿ ಜೀಪಿನ ಕೊಕ್ಕೆಯ ಮೇಲೆ ಹೇರುವ ಭಾರ. ಅದು ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟಿರಬೇಕು, ನನ್ನದು ಮೂರು. ಇಳಿಸಲು ಸುಲಭವೆಂದು ಮೂಟೆಗಳನ್ನೆಲ್ಲ ಹಿಂಬಾಗಿಲ ಬಳಿ ಪೇರಿಸಿದ್ದೆ.

ಈಗ ಹದಿನೇಳೇ ಮೂಟೆ, ಒಟ್ಟು 1,445. ಸಡಿಲವಾಗಿದ್ದ ಟ್ರೇಲರಿನ ಬ್ರೇಕ್ ಕೇಬಲನ್ನು ಬಿಗಿ ಮಾಡಿಸಿದೆ. ಕೊಕ್ಕೆಯ ಭಾರವೂ ಜೀಪೇ ಹೊರುವುದರಿಂದ, ಹಿಂದೆ ಕೂರುತ್ತಿದ್ದ ಇಬ್ಬರು ಆಳುಗಳು ಬಸ್ಸಿನಲ್ಲಿ ಬರುತ್ತಾರೆ.

ಹೀಗೆ ಹದಿನೇಳು ಮೂಟೆ ಹೇರಿದ ಮೊದಲ ಸಲ ಹೆದರಿ ಎಲ್ಲವನ್ನೂ ಮುಂದಕ್ಕೆ ಒತ್ತಿದ್ದೆ. ಕೊಕ್ಕೆಯ ಮೇಲೆ 260 ಬಿತ್ತು. ಸ್ಟಿಯರಿಂಗ್ ಹತ್ತಿಯಂತೆ ಹಗುರ, ಹೆಡ್‌ಲೈಟು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ತುದಿ ಬೆಳಗುತ್ತಿತ್ತು. ಮುಂದಿನಿಂದ ಎರಡು ಮೂಟೆಗಳನ್ನು ಹಿಂದಿನ ತುದಿಗೆ ಹಾಕಿದ ಮೇಲೆ 160ಕ್ಕೆ ಬಂತು. ಆ ಎರಡು ಮೂಟೆಗಳ ಜಾಗದಲ್ಲಿ ಈಗ ಸುಣ್ಣದ ಗೆರೆ ಎಳೆದಿದ್ದೇನೆ.