ಮೊದಲು ಮಂತ್ರ, ಆಮೇಲೆ ಕರಡಿ: ರೂಪ ಬದಲಿಸುವ ಡ್ರೂಯಿಡ್ ಪಾತ್ರ ಕಟ್ಟುವ ಬಗೆ

ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನಾನು ಕಟ್ಟಿದ ಮೊದಲ ಡ್ರೂಯಿಡ್‌ನ, ಅಂದರೆ ಪ್ರಾಣಿರೂಪ ತಾಳಬಲ್ಲ ನಿಸರ್ಗದ ಮಂತ್ರಗಾರ್ತಿಯ, ಹೆಸರು ತುಂಗವ್ವ. ಆಟದ ಎರಡನೆಯ ಭಾನುವಾರವೇ ಅವಳು ಕಂದು ಕರಡಿಯಾಗಿ ಮೂರು ಗಾಬ್ಲಿನ್‌ಗಳ ಮೇಲೆ ಬಿದ್ದಳು. ಅಷ್ಟರಲ್ಲಿ ಕಂದಕದ ಆಚೆ ದಡದಲ್ಲಿ ನಮ್ಮ ಬಿಲ್ಲುಗಾರ ಸೊನ್ನೆ ಹಿಟ್ ಪಾಯಿಂಟ್‌ಗೆ, ಅಂದರೆ ಪ್ರಾಣಬಲ ಪೂರ್ತಿ ಮುಗಿದ ಸ್ಥಿತಿಗೆ, ಇಳಿದು ನೆಲಕ್ಕುರುಳಿದ. 60 ಅಡಿ ದೂರದಿಂದಲೇ ಅವನನ್ನು ಎಬ್ಬಿಸಬಲ್ಲ ಹೀಲಿಂಗ್ ವರ್ಡ್ ಮಂತ್ರ ನನ್ನ ಪಾತ್ರದ ವಿವರದ ಹಾಳೆಯಲ್ಲಿತ್ತು. ಆದರೆ ಕರಡಿಗೆ ಮಂತ್ರ ಉಚ್ಚರಿಸುವ ಬಾಯಿಲ್ಲ. ಸ್ವಂತ ರೂಪಕ್ಕೆ ಮರಳಲು ಒಂದು ಬೋನಸ್ ಆಕ್ಷನ್, ಅಂದರೆ ಮುಖ್ಯ ಕ್ರಿಯೆಯಾದ ಆಕ್ಷನ್ನಿನ ಜೊತೆಗೆ ಸಿಗುವ ಚಿಕ್ಕ ಕ್ರಿಯೆ, ಬೇಕು, ಆ ಮಂತ್ರಕ್ಕೂ ಬೋನಸ್ ಆಕ್ಷನ್ನೇ ಬೇಕು, ಒಂದು ಸರದಿಗೆ ಸಿಗುವುದು ಒಂದೇ. ನನ್ನ ಮುಂದಿನ ಸರದಿ ಬರುವ ಮೊದಲೇ ಬಿಲ್ಲುಗಾರ ಸತ್ತ. ಆ ಪಾತ್ರವನ್ನು ಆಡುತ್ತಿದ್ದ ಗೆಳತಿ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟದ್ದು ಇಂದಿಗೂ ಕಣ್ಣ ಮುಂದಿದೆ.

ಅಂದಿನಿಂದ ನಾನು ಈ ಪಾತ್ರವನ್ನು ಬೇರೆ ತುದಿಯಿಂದ ಕಟ್ಟುತ್ತೇನೆ. ಕರಡಿಯಾದಾಗ ಏನು ಸಿಗುತ್ತದೆ ಎಂದು ಕೇಳುವ ಮೊದಲು ಏನು ಹೋಗುತ್ತದೆ ಎಂದು ಕೇಳುತ್ತೇನೆ. ಹೋಗುವುದು ಮಾತು, ಕೈಬೆರಳು, ಹೊಸ ಮಂತ್ರ ಹಾಕುವ ಶಕ್ತಿ. ನಮ್ಮ ಕಥೆಗಳ ಕಾಮರೂಪಿಗಳಿಗೆ ಈ ತೊಂದರೆ ಇಲ್ಲ. ಜಿಂಕೆಯಾಗಿ ಬಂದ ಮಾರೀಚ ಸಾಯುವ ಗಳಿಗೆಯಲ್ಲಿ ರಾಮನ ದನಿಯನ್ನೇ ಎತ್ತಿ ಕೂಗಿದ. ಡ್ರೂಯಿಡ್‌ಗೆ ಪ್ರಾಣಿರೂಪದಲ್ಲಿ ಮಂತ್ರ ಹಾಕುವ ವರ ದಕ್ಕುವುದು ಪಾತ್ರ ಬಲಿಯುತ್ತ ಏರುವ ಹಂತಗಳ ಪೈಕಿ 18ನೆಯದರಲ್ಲಿ. ಅಲ್ಲಿಯವರೆಗೆ ಮೌನಕ್ಕೆ ಮೊದಲೇ ಸಿದ್ಧವಾಗಿರಬೇಕು.

ಇಲ್ಲಿ ಹೇಳುತ್ತಿರುವುದು 2014ರ ನಿಯಮಗಳ ಪ್ರಕಾರ, ಏಕೆಂದರೆ ನಮ್ಮ ಮೇಜಿನಲ್ಲಿ ಅದೇ ನಡೆಯುತ್ತದೆ. ಡ್ರೂಯಿಡ್‌ಗೆ ರೂಪಾಂತರ, ಅಂದರೆ ವೈಲ್ಡ್ ಶೇಪ್, ಎರಡನೆಯ ಹಂತದಲ್ಲಿ ಬರುತ್ತದೆ. ಅದೇ ಹಂತದಲ್ಲಿ ಒಂದು ವೃತ್ತವನ್ನೂ, ಅಂದರೆ ಡ್ರೂಯಿಡ್‌ಗಳ ಒಂದು ಪಂಥವನ್ನೂ, ಆರಿಸಿಕೊಳ್ಳಬೇಕು. ಕಾದಾಡುವ ಪ್ರಾಣಿಯಾಗಬೇಕೆಂದಿದ್ದರೆ ಸರ್ಕಲ್ ಆಫ್ ದ ಮೂನ್ ಬಿಟ್ಟು ಬೇರೆಡೆ ನೋಡಬೇಡಿ. ಉಳಿದವರು ಆ ಹಂತದಲ್ಲಿ ಚಾಲೆಂಜ್ ರೇಟಿಂಗ್ ಎಂಬ ಬಲದ ಅಳತೆಯಲ್ಲಿ 1/4 ಇರುವ ತೋಳದಂಥ ಪ್ರಾಣಿಗೆ ನಿಲ್ಲಬೇಕು, ರೂಪ ಬದಲಿಸಲು ಪೂರ್ತಿ ಆಕ್ಷನ್ ತೆರಬೇಕು. ಚಂದ್ರವೃತ್ತದವರು ರೇಟಿಂಗ್ 1ರ ಪ್ರಾಣಿಯಾಗಬಹುದು, ಅದೂ ಬೋನಸ್ ಆಕ್ಷನ್ನಿನಲ್ಲಿ. ಈ ಎರಡನೆಯ ಸೌಲಭ್ಯವೇ ನನ್ನ ಇಡೀ ಕಟ್ಟಡದ ಅಡಿಪಾಯ. 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಬಿಟ್ಟ ನಿಯಮಾವಳಿಯಲ್ಲಿ ಪ್ರಾಣಿಗಳ ಅಂಕಿಗಳೆಲ್ಲ ಇವೆ, ಆದರೆ ವೃತ್ತಗಳ ಪೈಕಿ ಲ್ಯಾಂಡ್ ಒಂದೇ ಇದೆ. ಮೂನ್ ಬೇಕಾದರೆ ಆಟಗಾರರ ಕೈಪಿಡಿಯನ್ನು ಕೊಳ್ಳಬೇಕು, ಇಲ್ಲವೇ ಗೆಳೆಯರಿಂದ ಎರವಲು ತರಬೇಕು.

ಈಗ ಪಾತ್ರದ ಆರು ಗುಣಗಳಿಗೆ ಕೊಡುವ ಅಂಕಗಳು. 15, 14, 13, 12, 10, 8 ಎಂಬ ಸಿದ್ಧ ಸಾಲಿನಲ್ಲಿ 15 ವಿಸ್ಡಮ್‌ಗೆ (ವಿವೇಕ), 14 ಕಾನ್‌ಸ್ಟಿಟ್ಯೂಷನ್‌ಗೆ (ದೇಹದಾರ್ಢ್ಯ), 13 ಡೆಕ್ಸ್‌ಟೆರಿಟಿಗೆ (ಚುರುಕು). ಸ್ಟ್ರೆಂತ್‌ಗೆ (ಮೈಬಲ) 8 ಕೊಟ್ಟು ನಿಶ್ಚಿಂತರಾಗಿರಿ. ಕರಡಿಯಾದಾಗ ಕರಡಿಯ ಮೈಬಲ, ಚುರುಕು, ದೇಹದಾರ್ಢ್ಯಗಳು ಬರುತ್ತವೆ. ಬುದ್ಧಿ, ವಿವೇಕ, ವ್ಯಕ್ತಿತ್ವದ ಪ್ರಭಾವ ಮಾತ್ರ ನಿಮ್ಮವೇ ಉಳಿಯುತ್ತವೆ. ತುಂಗವ್ವ ಬೆಟ್ಟದ ಕುಳ್ಳರ ಪೈಕಿ, ಹಿಲ್ ಡ್ವಾರ್ಫ್. ಹಾಗಾಗಿ ಕಾನ್‌ಸ್ಟಿಟ್ಯೂಷನ್‌ಗೆ 2, ವಿಸ್ಡಮ್‌ಗೆ 1 ಸೇರಿ ಎರಡೂ 16 ಆದವು, ಹಂತಕ್ಕೊಂದು ಹೆಚ್ಚುವರಿ ಹಿಟ್ ಪಾಯಿಂಟ್ ಬೇರೆ. ಎರಡನೆಯ ಹಂತದಲ್ಲಿ ಅವಳದು 21. ಕಂದು ಕರಡಿಯ 34 ಅದರ ಮೇಲೆ ಹೊದಿಕೆಯಂತೆ ಕೂರುತ್ತದೆ. ಕರಡಿಗೆ 5 ಉಳಿದಿರುವಾಗ 12ರ ಪೆಟ್ಟು ಬಿದ್ದರೆ ರೂಪ ಕಳಚುತ್ತದೆ, ಮಿಕ್ಕ 7 ಮಾತ್ರ ತುಂಗವ್ವನಿಗೆ ತಾಗುತ್ತದೆ. ಒಂದು ವಿಶ್ರಾಂತಿಯಿಂದ ಇನ್ನೊಂದರವರೆಗೆ ಇಂಥ ಎರಡು ಹೊದಿಕೆಗಳು. ಚಿಕ್ಕ ವಿಶ್ರಾಂತಿಯಲ್ಲಿಯೂ ಅವು ಮರಳುತ್ತವೆ. ಈ ಹಂತದಲ್ಲಿ ಮೇಜಿನ ಸುತ್ತ ಇಷ್ಟು ಪೆಟ್ಟು ತಾಳುವವರು ಬೇರೆ ಯಾರೂ ಇರುವುದಿಲ್ಲ. ಕರಡಿಯ ಆರ್ಮರ್ ಕ್ಲಾಸ್, ಅಂದರೆ ಅದಕ್ಕೆ ಹೊಡೆಯಲು ಶತ್ರುವಿನ ದಾಳ ಮುಟ್ಟಬೇಕಾದ ಅಂಕಿ, ಬರೀ 11 ಎಂಬುದನ್ನು ಮಾತ್ರ ಮರೆಯಬೇಡಿ. ಅದು ಪೆಟ್ಟು ತಪ್ಪಿಸಿಕೊಳ್ಳುವ ಪ್ರಾಣಿಯಲ್ಲ, ತಿನ್ನುವ ಪ್ರಾಣಿ.

ಮಂತ್ರಗಳ ಆಯ್ಕೆಯಲ್ಲಿ ನಾನು ಹೆಚ್ಚು ಹೊತ್ತು ಕೂರುತ್ತೇನೆ, ನೀವೂ ಕೂರಿ. ವಿಸ್ಡಮ್ 16 ಆದ್ದರಿಂದ ಸಿಗುವ 3, ಹಂತದಿಂದ 2, ಒಟ್ಟು ಐದು ಮಂತ್ರಗಳನ್ನು ದಿನಕ್ಕೆ ಸಿದ್ಧಮಾಡಿಕೊಳ್ಳಬಹುದು. ಅವನ್ನು ಹಾಕಲು ಮೂರು ಸ್ಲಾಟ್‌ಗಳು, ಅಂದರೆ ದಿನಕ್ಕೆ ಮೂರು ಸಲ ಹಾಕುವ ಅವಕಾಶ. ಪ್ರಾಣಿಯಾದ ಮೇಲೆ ಹೊಸ ಮಂತ್ರ ಇಲ್ಲ, ಆದರೆ ಆಗಲೇ ಹಾಕಿದ ಮಂತ್ರವನ್ನು ಜೀವಂತವಾಗಿಡುವ ಏಕಾಗ್ರತೆ ಮುರಿಯುವುದಿಲ್ಲ. ಆದ್ದರಿಂದ ಹಾಕಿದ ನಂತರವೂ ತನ್ನಷ್ಟಕ್ಕೆ ದುಡಿಯುವ ಮಂತ್ರಗಳೇ ನಿಮಗೆ ಬೇಕು. ನನ್ನ ಮೊದಲ ಆಯ್ಕೆ ಶತ್ರುಗಳ ಮೈಗೆ ಬೆಳಕು ಮೆತ್ತುವ ಫೇರಿ ಫೈರ್. ಸರದಿ ಬಂದೊಡನೆ ಆಕ್ಷನ್ನಿನಲ್ಲಿ ಅದನ್ನು ಶತ್ರುಗಳ ಗುಂಪಿನ ಮೇಲೆ ಹಾಕಿ, ಅದೇ ಸರದಿಯ ಬೋನಸ್ ಆಕ್ಷನ್ನಿನಲ್ಲಿ ಕರಡಿಯಾಗಿ. ಬೆಳಕು ಮೆತ್ತಿಕೊಂಡ ಶತ್ರುವಿನ ಮೇಲೆ ನಿಮ್ಮ ಕಡೆಯವರೆಲ್ಲ ಎರಡೆರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುತ್ತಾರೆ. ಮುಂದಿನ ಸರದಿಯಲ್ಲಿ ಕರಡಿಯ ಕಚ್ಚಿಗೂ ಉಗುರಿಗೂ ಅದೇ ಲಾಭ. ಬಯಲಿನಲ್ಲಿ ಹಲವರು ನುಗ್ಗಿ ಬರುತ್ತಿದ್ದರೆ ಬಳ್ಳಿಗಳಿಂದ ಕಾಲು ಕಟ್ಟುವ ಎಂಟ್ಯಾಂಗಲ್ ಒಳ್ಳೆಯದು. ಎರಡಕ್ಕೂ ಏಕಾಗ್ರತೆ ಬೇಕಾದ್ದರಿಂದ ಒಮ್ಮೆಗೆ ಒಂದೇ.

ಗುಡ್‌ಬೆರಿಯನ್ನು ಯಾರೂ ಗೌರವದಿಂದ ನೋಡುವುದಿಲ್ಲ; ನಾನು ನೋಡುತ್ತೇನೆ. ಒಂದು ಸ್ಲಾಟಿಗೆ ಹತ್ತು ಹಣ್ಣು, ಒಂದೊಂದರಿಂದ ಒಂದು ಹಿಟ್ ಪಾಯಿಂಟ್, 24 ಗಂಟೆ ಬಾಳಿಕೆ. ಸೊನ್ನೆಯಲ್ಲಿ ಬಿದ್ದವರಿಗೆ ಆ ಒಂದೇ ಸಾಕು, ಕಣ್ಣು ಬಿಡುತ್ತಾರೆ. ಬೆಳಿಗ್ಗೆ ಹೊರಡುವ ಮೊದಲು ತುಂಗವ್ವ ಎಲ್ಲರ ಕೈಗೂ ಎರಡೆರಡು ಹಣ್ಣು ಹಂಚುತ್ತಾಳೆ. ಅವಳು ಕರಡಿಯಾಗಿದ್ದಾಗ ಪಕ್ಕದವರು ಬಿದ್ದವರ ಬಾಯಿಗೆ ಹಣ್ಣು ಹಾಕುತ್ತಾರೆ. ಹಣ್ಣಿನ ಚೀಲವನ್ನು ನೀವೇ ಕಟ್ಟಿಕೊಂಡು ರೂಪ ಬದಲಿಸಿದರೆ, ಅದು ಮೈಯೊಳಗೆ ಸೇರಿಹೋಗಿ ಯಾರ ಕೈಗೂ ಸಿಗದಂತಾಗಬಹುದು. ಹೀಲಿಂಗ್ ವರ್ಡ್ ಈಗಲೂ ನನ್ನ ಐದರಲ್ಲಿದೆ, ಆದರೆ ಅದನ್ನು ಕರಡಿಯಾಗುವ ಮೊದಲಿನ ಸರದಿಗಳ ಮಂತ್ರವೆಂದು ಲೆಕ್ಕ ಹಾಕುತ್ತೇನೆ. ಮೂರನೆಯ ಹಂತದಲ್ಲಿ ಫ್ಲೇಮಿಂಗ್ ಸ್ಫಿಯರ್ ಸಿಗುತ್ತದೆ. ಆಕ್ಷನ್ನಿನಲ್ಲಿ ಕರಡಿ ಹೊಡೆಯುತ್ತದೆ, ಬೋನಸ್ ಆಕ್ಷನ್ನಿನಲ್ಲಿ ಬೆಂಕಿಯ ಚೆಂಡು ಉರುಳುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಜೋಡಿಯನ್ನು ನಾನು ಈ ಆಟದಲ್ಲಿ ಬೇರೆ ಕಂಡಿಲ್ಲ.

ಏಕಾಗ್ರತೆ ಉಳಿಸಿಕೊಳ್ಳುವುದು ಹೇಗೆ? ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಷನ್ ದಾಳ ಹಾಕಿ ಕನಿಷ್ಠ 10 ಮುಟ್ಟಬೇಕು. ಕರಡಿಗೆ 3 ಸೇರುತ್ತದೆ, ಅಂದರೆ 20 ಮುಖದ ದಾಳದಲ್ಲಿ 7 ಅಥವಾ ಮೇಲೆ ಬೀಳಬೇಕು, ನೂರಕ್ಕೆ 70 ಸಲ. ನಾಲ್ಕನೆಯ ಹಂತದಲ್ಲಿ ವಾರ್ ಕಾಸ್ಟರ್ ಎಂಬ ಫೀಟ್, ಅಂದರೆ ವಿಶೇಷ ಕೌಶಲ, ತೆಗೆದುಕೊಂಡರೆ ಎರಡು ದಾಳ ಸಿಗುತ್ತವೆ, 70 ಹೋಗಿ 91 ಆಗುತ್ತದೆ. ವಿಸ್ಡಮ್ ಏರಿಸುವುದಕ್ಕಿಂತ ಮೊದಲು ಇದನ್ನೇ ಮಾಡಿ ಎಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ.

ಇನ್ನು ಪ್ರಾಣಿಗಳು. ನೂರು ಪ್ರಾಣಿಗಳ ಪಟ್ಟಿ ಬೇಡ, ಮೂರು ಸಾಕು: ಕಾದಾಟಕ್ಕೆ ಕರಡಿ, ಗೋಡೆ ಹತ್ತಿ ಬಲೆ ಎಸೆಯಲು ದೈತ್ಯ ಜೇಡ, ಕದ್ದು ಕೇಳಲು ಇಲಿ ಅಥವಾ ಬೆಕ್ಕು. ಒಂದೊಂದರ ಅಂಕಿಗಳನ್ನೂ ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೀವು ಪುಸ್ತಕ ತಿರುವುತ್ತ ಕೂತರೆ ಐದು ಜನ ಕಾಯಬೇಕಾಗುತ್ತದೆ. ಈಜುವ ಪ್ರಾಣಿಗೆ ನಾಲ್ಕನೆಯ ಹಂತ, ಹಾರುವುದಕ್ಕೆ ಎಂಟನೆಯ ಹಂತ ಬರಬೇಕು; ಚಂದ್ರವೃತ್ತದವರಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಪಾತ್ರ ತಾನು ಕಣ್ಣಾರೆ ಕಂಡ ಪ್ರಾಣಿಯಾಗಿ ಮಾತ್ರ ಬದಲಾಗಬಹುದು ಎಂಬ ನಿಯಮವಿದೆ. ಬಹಳ ಜನ ಅದನ್ನು ಹಾರಿಸಿ ಓದುತ್ತಾರೆ. ನನಗೆ ಪಾತ್ರ ಸಿಕ್ಕಿದ್ದೇ ಆ ಒಂದು ಸಾಲಿನಲ್ಲಿ. ನಾನು ದರೋಜಿ ಕರಡಿಧಾಮಕ್ಕೆ ಹೋಗಿದ್ದಾಗ ಸಂಜೆ ವೀಕ್ಷಣಾ ಗೋಪುರದ ಮೇಲೆ ನಿಂತು ನಮ್ಮ ಕರಿ ಕರಡಿಗಳನ್ನು ನೋಡಿದ್ದೆ. ಬಂಡೆಗಳ ನಡುವಿನಿಂದ ತಲೆ ತಗ್ಗಿಸಿ, ಮೂಗಿನಿಂದಲೇ ದಾರಿ ಹುಡುಕುತ್ತ ಇಳಿದು ಬರುವ ಆ ನಡಿಗೆ ಮನಸ್ಸಿನಲ್ಲಿ ಉಳಿದಿತ್ತು. ಮೇಲಿನ ಮುಂಬದಿಯ ಎರಡು ಹಲ್ಲುಗಳಿಲ್ಲದ ಆ ಸಂದಿಯಿಂದ ಅವು ಗೆದ್ದಲನ್ನು ಹೀರುತ್ತವೆ. ಆಟ ನಡೆಸುವ ನಮ್ಮ ಡಂಜನ್ ಮಾಸ್ಟರ್‌ಗೆ ಇದನ್ನೆಲ್ಲ ಹೇಳಿ, ಕಂದು ಕರಡಿಯ ಅಂಕಿಗಳನ್ನೇ ಇಟ್ಟುಕೊಂಡು ಮೈ ಮಾತ್ರ ಕರಿ ಕರಡಿಯದಾಗಲಿ ಎಂದು ಕೇಳಿದೆ, ಅವರು ಒಪ್ಪಿದರು. ತುಂಗವ್ವ ಜೇನು ಕೀಳುವವರ ಮಗಳಾದಳು. ಎಂಟು ವರ್ಷದವಳಿದ್ದಾಗ ಹೆಜ್ಜೇನಿನ ಬಂಡೆಯ ಕೆಳಗೆ ಇಂಥದೊಂದನ್ನು ಮುಖಾಮುಖಿ ಕಂಡಳು, ಎರಡೂ ಜೀವಗಳು ಕದಲದೆ ನಿಂತವು. ನಿಮ್ಮ ಮೂರೂ ಪ್ರಾಣಿಗಳಿಗೆ ಇಂಥ ಒಂದು ನೋಟವನ್ನು ಬರೆದುಕೊಳ್ಳಿ: ಎಲ್ಲಿ, ಯಾವಾಗ, ಯಾರ ಜೊತೆ.

ಮಾತು ಹೋಗುವುದನ್ನೂ ಆಟದೊಳಗೆ ತನ್ನಿ. ತುಂಗವ್ವ ಕರಡಿಯಾಗಿರುವಾಗ ನಾನು ಸಲಹೆ ಕೊಡುವುದಿಲ್ಲ, ಅವಳು ಮಾಡುವುದನ್ನು ಮಾತ್ರ ಹೇಳುತ್ತೇನೆ. ತಂಡದವರೊಂದಿಗೆ ಮೊದಲೇ ಸನ್ನೆ ಗೊತ್ತುಮಾಡಿಕೊಂಡಿದ್ದೇವೆ: ಒಂದು ಗುಟುರು ಅಂದರೆ ನಿಲ್ಲಿ, ಎರಡು ಅಂದರೆ ಓಡಿ, ನೆಲ ಕೆರೆದರೆ ಇಲ್ಲೇನೋ ಹೂತಿದೆ.

ನಾಲ್ಕು, ಐದನೆಯ ಹಂತಗಳಲ್ಲಿ ಕರಡಿ ಸೊರಗುತ್ತದೆ. ಶತ್ರುಗಳು ಬಲಿತಿರುತ್ತಾರೆ, ನಿಮ್ಮ 34 ಹಾಗೆಯೇ ಇರುತ್ತದೆ. ಆಗ ಹಿಂದೆ ನಿಂತು ಮಂತ್ರಗಳಿಂದ ಹೆಚ್ಚು ಕೆಲಸ ತೆಗೆಯಿರಿ. ದಿನದ ಕೊನೆಗೆ ಸ್ಲಾಟ್ ಉಳಿದಿದ್ದರೆ ಕರಡಿಯಾಗಿದ್ದುಕೊಂಡೇ ಅದನ್ನು ಸುಟ್ಟು ಸ್ವಲ್ಪ ಚೇತರಿಸಿಕೊಳ್ಳಬಹುದು. ಆರನೆಯ ಹಂತದಲ್ಲಿ ರೇಟಿಂಗ್ 2ರ ಪ್ರಾಣಿಗಳು ತೆರೆದುಕೊಳ್ಳುತ್ತವೆ, ನಿಮ್ಮ ಪೆಟ್ಟುಗಳು ಮಾಂತ್ರಿಕ ಪೆಟ್ಟುಗಳೆನಿಸುತ್ತವೆ. ಹತ್ತರಲ್ಲಿ ಬೆಂಕಿ, ನೀರು, ಗಾಳಿ, ಮಣ್ಣಿನ ರೂಪಗಳೇ ಸಿಗುತ್ತವೆ.

2024ರ ನಿಯಮಗಳಲ್ಲಿ ಆಡುವವರಿಗೆ ಲೆಕ್ಕವೇ ಬೇರೆ. ವೃತ್ತ ಸಿಗುವುದು ಮೂರನೆಯ ಹಂತದಲ್ಲಿ. ಪ್ರಾಣಿಯ ಹಿಟ್ ಪಾಯಿಂಟ್ ಬದಲು ನಿಮ್ಮದೇ ಉಳಿದು, ಚಂದ್ರವೃತ್ತದವರಿಗೆ ಹಂತದ ಮೂರು ಪಟ್ಟು ತಾತ್ಕಾಲಿಕವಾಗಿ ಸೇರುತ್ತದೆ. ಆ ವೃತ್ತದ ಕೆಲವು ಮಂತ್ರಗಳನ್ನು ಪ್ರಾಣಿರೂಪದಲ್ಲಿಯೇ ಹಾಕಬಹುದು, ಕ್ಯೂರ್ ವೂಂಡ್ಸ್ ಕೂಡ. ಆಗಲೂ ಕಂದಕದ ಆಚೆಗೆ ಅದು ತಲುಪುವುದಿಲ್ಲ, ಏಕೆಂದರೆ ಮುಟ್ಟಿಯೇ ಗುಣಪಡಿಸಬೇಕು.

ಮೊದಲ ಆಟಕ್ಕೆ ಹೋಗುವಾಗ ಮೂರು ಚೀಟಿಗಳ ಜೊತೆ ಎರಡು ಪ್ರಶ್ನೆಗಳನ್ನು ಒಯ್ಯಿರಿ. ನಾನು ಇದುವರೆಗೆ ಯಾವ ಯಾವ ಪ್ರಾಣಿಗಳನ್ನು ಕಂಡಿದ್ದೇನೆ? ಬಿದ್ದವರ ಬಾಯಿಗೆ ಬೇರೆಯವರು ಗುಡ್‌ಬೆರಿ ಹಾಕಬಹುದೇ? ಎರಡನೆಯದಕ್ಕೆ ಉತ್ತರ ಇಲ್ಲ ಎಂದಾದರೆ, ಹೀಲಿಂಗ್ ವರ್ಡ್ ಬಲ್ಲ ಇನ್ನೊಬ್ಬರು ತಂಡದಲ್ಲಿ ಇದ್ದಾರೆಯೇ ಎಂದು ನೋಡಿಕೊಂಡೇ ಕರಡಿಯಾಗಿ.