‘ಬಾರ್ಡರ್ ಶುಗರ್’ ಎನ್ನುವುದನ್ನು ನಾನು ಬಿಟ್ಟ ಮೇಲೆ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ನನ್ನ ಸಣ್ಣ ಕ್ಲಿನಿಕ್ ಇದೆ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ 100ರಿಂದ 125ರ ನಡುವೆ ಇದ್ದವರಿಗೆ, ಅಥವಾ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಶೇಕಡಾ 5.7ರಿಂದ 6.4ರ ನಡುವೆ ಬಂದವರಿಗೆ, “ಶುಗರ್ ಬಾರ್ಡರ್‌ನಲ್ಲಿದೆ, ಸಿಹಿ ಬಿಡಿ, ವಾಕಿಂಗ್ ಮಾಡಿ” ಎಂದು ಹೇಳಿ, ಅಚ್ಚು ಹಾಕಿಸಿದ್ದ ಪಥ್ಯದ ಹಾಳೆಯನ್ನು ಕೈಗಿತ್ತು ಕಳುಹಿಸುವುದು ಬಹಳ ವರ್ಷಗಳ ಕಾಲ ನನ್ನ ಪದ್ಧತಿಯಾಗಿತ್ತು. ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಎರಡು ವರ್ಷ ಬಿಟ್ಟು ಬಂದಾಗ ಅವರಿಗೆ ಸಕ್ಕರೆ ಕಾಯಿಲೆ ಬಂದಾಗಿತ್ತು. “ಬಾರ್ಡರ್ ಅಂದ್ರೆ ಇನ್ನೂ ಏನೂ ಆಗಿಲ್ಲ ಅಂತ ತಿಳ್ಕೊಂಡಿದ್ದೆ ಡಾಕ್ಟ್ರೇ” ಎಂದು ಅವರು ಹೇಳಿದ ದಿನವೇ ನಾನು ಆ ಪದವನ್ನೂ ಆ ಹಾಳೆಯನ್ನೂ ಬಿಟ್ಟೆ.

ಈಗ ನನ್ನ ಮೇಜಿನ ಮೇಲೆ ಒಣಗಿದ ಅವರೆಕಾಳಿನ ಡಬ್ಬಿಯೊಂದಿದೆ. ಚೆನ್ನೈನ ವೈದ್ಯರು 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ ಸಕ್ಕರೆ ಮಿತಿ ಮೀರಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಲಾಗಿತ್ತು. ವಿಶೇಷ ಕ್ರಮವೇನೂ ಇಲ್ಲದ ಗುಂಪಿನಲ್ಲಿ ಶೇಕಡಾ 55ರಷ್ಟು ಜನರಿಗೆ ಮಧುಮೇಹ ಬಂದರೆ, ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡ ಗುಂಪಿನಲ್ಲಿ ಅದು ಶೇಕಡಾ 39ರ ಆಸುಪಾಸಿಗೆ ಇಳಿದಿತ್ತು. ಶೇಕಡಾವಾರು ಲೆಕ್ಕ ನನ್ನ ರೋಗಿಗಳಲ್ಲಿ ಅನೇಕರಿಗೆ ಹಿಡಿಸುವುದಿಲ್ಲ. ಆದ್ದರಿಂದ ಇಪ್ಪತ್ತು ಕಾಳುಗಳನ್ನು ಹರಡಿ, “ಸುಮ್ಮನಿದ್ದರೆ ಇಪ್ಪತ್ತು ಜನರಲ್ಲಿ ಹನ್ನೊಂದು ಜನರಿಗೆ ಕಾಯಿಲೆ, ಪ್ರಯತ್ನ ಪಟ್ಟರೆ ಎಂಟು ಜನರಿಗೆ” ಎಂದು ಅವರ ಕೈಯಿಂದಲೇ ಬೇರೆ ಮಾಡಿಸುತ್ತೇನೆ. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ತುಸು ಏರಿದವರಿಗೆ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳುತ್ತೇನೆ. ಆದರೂ ಕಾಳು ಮುಟ್ಟಿ ಎಣಿಸಿದವರು, ನನ್ನ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದವರಂತೆ ಎದ್ದು ಹೋಗುವುದಿಲ್ಲ; ಕುಳಿತು ಪ್ರಶ್ನೆ ಕೇಳುತ್ತಾರೆ.

ಎರಡನೆಯದಾಗಿ, ಬೆರಳಿನ ಹನಿ ರಕ್ತದಲ್ಲಿ ಸಕ್ಕರೆ ಅಳೆಯುವ ಗ್ಲುಕೋಮೀಟರನ್ನು ಒಂದು ವಾರದ ಮಟ್ಟಿಗೆ ಮನೆಗೆ ಕೊಡಲು ಆರಂಭಿಸಿದೆ. ಊಟಕ್ಕೆ ಮೊದಲು ಒಮ್ಮೆ, ಊಟ ಶುರುವಾದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ, ತಟ್ಟೆಯಲ್ಲಿ ಏನಿತ್ತೆಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಬ್ಬರ ಬೆರಳಿಗೆ ಚುಚ್ಚಿದ ಸೂಜಿಯಾಗಲಿ, ಚುಚ್ಚುವ ಪೆನ್ನಾಗಲಿ ಇನ್ನೊಬ್ಬರಿಗೆ ಹೋಗಬಾರದು, ಏಕೆಂದರೆ ಹೆಪಟೈಟಿಸ್ ಬಿ ಹೀಗೂ ಹರಡುತ್ತದೆ; ಹಾಗಾಗಿ ಒಮ್ಮೆ ಬಳಸಿ ಎಸೆಯುವ ಸೂಜಿಗಳನ್ನೇ ಎಣಿಸಿ ಕೊಡುತ್ತೇನೆ, ಮೀಟರ್ ಹಿಂದಿರುಗಿದಾಗ ಒರೆಸಿ ಶುದ್ಧಮಾಡುತ್ತೇನೆ. ಈ ಯಂತ್ರದ ಅಂಕಿ ಶೇಕಡಾ 15ರವರೆಗೆ ಆಚೀಚೆ ಇರಬಹುದಾದ್ದರಿಂದ ಕಾಯಿಲೆ ಇದೆ, ಇಲ್ಲ ಎಂದು ಅದರಿಂದ ತೀರ್ಮಾನಿಸುವುದಿಲ್ಲ.

ನಲವತ್ತು ದಾಟಿದ ರೈತರೊಬ್ಬರು, ರಾಗಿ ಶುಗರ್‌ಗೆ ಒಳ್ಳೆಯದೆಂದು ಎಲ್ಲರೂ ಹೇಳುವುದರಿಂದ, ರಾತ್ರಿ ಎರಡು ದಪ್ಪ ಮುದ್ದೆ ಉಣ್ಣುತ್ತಿದ್ದರು. ಮುದ್ದೆಯನ್ನು ಕಡಿಮೆ ಮಾಡಿ ಎಂದು ನಾನು ಹೇಳಿದಾಗಲೆಲ್ಲ ಅವರ ಮುಖದಲ್ಲಿ ಅಸಮಾಧಾನ ಕಾಣುತ್ತಿತ್ತು. ರಾಗಿ ಒಳ್ಳೆಯದೇ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ಪಿಷ್ಟವೇ, ಅಳತೆ ಮೀರಿದರೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮೊದಲ ರಾತ್ರಿ ಅವರ ಅಂಕಿ 110ರಿಂದ 194ಕ್ಕೆ ಹೋಯಿತು. ಮೂರನೆಯ ರಾತ್ರಿ ನನ್ನನ್ನು ಕೇಳದೆಯೇ ಒಂದು ಮುದ್ದೆಗೆ ಇಳಿಸಿ, ಸೊಪ್ಪು-ಕಾಳಿನ ಬಸ್ಸಾರಿನ ಪಲ್ಯವನ್ನು ಹೆಚ್ಚು ಬಡಿಸಿಕೊಂಡು, ಊಟವಾದ ಮೇಲೆ ಪಂಪ್‌ಸೆಟ್ಟಿನವರೆಗೆ ನಡೆದು ಬಂದರು, 148. ನಡೆಯುವ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂದು ನಾನು ವಿವರಿಸಿದ್ದು ಆ ಪುಟವನ್ನು ನೋಡಿದ ಮೇಲೆಯೇ. ಮೊದಲು ಅಂಕಿ, ಆಮೇಲೆ ವಿವರಣೆ ಎಂಬ ಈ ಕ್ರಮವೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ.

ವಾರದ ನಂತರ ನಾನು ಕೇಳುವುದು ಇಷ್ಟೇ: “ಬರುವ ಹದಿನೈದು ದಿನ ಯಾವುದೊಂದನ್ನು ಬದಲಿಸುತ್ತೀರಿ?” ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಒಬ್ಬರು ಟೀಗೆ ಹಾಕುವ ಸಕ್ಕರೆಯನ್ನು ಮಾತ್ರ ಬಿಡುತ್ತೇನೆ ಎಂದಾಗ ಇದು ಸಾಲದೆಂದು ನನಗನ್ನಿಸಿತ್ತು. ಆದರೆ ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಎಂದು ಲೆಕ್ಕ ಹಾಕಿದರೆ ಹತ್ತು ಚಮಚವಾಯಿತು. ತೂಕದ ಗುರಿಯನ್ನೂ ಹೀಗೆಯೇ ಮಾತಾಡಿ ಗೊತ್ತುಮಾಡುತ್ತೇವೆ. 70 ಕಿಲೋ ಇರುವವರು, ಹೊಟ್ಟೆಯ ಸುತ್ತ ಬೊಜ್ಜಿದ್ದರೆ, ಐದು ಕಿಲೋ ಇಳಿಸಿದರೂ ಬಹಳ ಪ್ರಯೋಜನ.

ಮನೆಯಲ್ಲಿ ಅಡುಗೆ ಯಾರ ಕೈಯಲ್ಲಿದೆ ಎಂದು ಕೇಳದೆ ನಾನು ಅನೇಕ ಸಲ ಸೋತಿದ್ದೇನೆ. ಅನ್ನ ಎಷ್ಟು ಬೇಯಬೇಕೆಂಬುದನ್ನು ಅತ್ತೆಯೇ ನಿರ್ಧರಿಸುವ ಮನೆಯ ಸೊಸೆಗೆ ಪಥ್ಯ ಹೇಳಿ ಫಲವಿಲ್ಲ. ಈಗ ಅತ್ತೆಯನ್ನೂ ಕರೆತರಲು ಹೇಳಿ, ಅವರಿಗೂ ಒಂದು ಪರೀಕ್ಷೆ ಮಾಡುತ್ತೇನೆ. ಅವರ ಅಂಕಿ ಸೊಸೆಯದಕ್ಕಿಂತ ಹೆಚ್ಚಿದ್ದದ್ದೂ ಉಂಟು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಸುಳ್ಳಾಗಿ ಮೇಲೇರಬಹುದು. ಹೀಗೆ 6.1 ಬಂದಿದ್ದ ಒಬ್ಬರಿಗೆ ಸುಮ್ಮನೆ ಆತಂಕ ಹುಟ್ಟಿಸಿದ್ದೆ. ಈಗ ಹಿಮೋಗ್ಲೋಬಿನ್ ನೋಡದೆ ಆ ಅಂಕಿಯ ಬಗ್ಗೆ ಮಾತಾಡುವುದಿಲ್ಲ.

ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ ಮೇಷ್ಟ್ರೊಬ್ಬರಿದ್ದರು. ಆರು ಕಿಲೋ ಇಳಿಸಿದ್ದರು, ಒಂದು ಪುಟವನ್ನೂ ಖಾಲಿ ಬಿಟ್ಟಿರಲಿಲ್ಲ. ಅವರ ತಂದೆ ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆಯಿತ್ತು. ಮೂರನೆಯ ವರ್ಷ ಅವರಿಗೂ ಬಂತು. “ನಾನೆಲ್ಲಿ ತಪ್ಪಿದೆ?” ಎಂದು ಅವರು ನೋಟ್‌ಬುಕ್ಕನ್ನು ಮುಂದಿಟ್ಟು ಕೇಳಿದಾಗ ನನ್ನ ಮನಸ್ಸಿಗೆ ತುಂಬ ನೋವಾಯಿತು, ಏಕೆಂದರೆ ಉಳಿದ ಆ ಎಂಟು ಕಾಳುಗಳ ಬಗ್ಗೆ ನಾನು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಅವರೀಗ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ನೋಟ್‌ಬುಕ್ಕನ್ನು ಬಿಟ್ಟಿಲ್ಲ. ಆ ನಂತರ ಬಂದ ಪ್ರತಿಯೊಬ್ಬರ ಮುಂದೆಯೂ ನಾನು ಕಾಳುಗಳನ್ನು ಡಬ್ಬಿಗೆ ತುಂಬುವ ಮೊದಲು ಆ ಎಂಟನ್ನು ಪಕ್ಕಕ್ಕೆ ಸರಿಸಿ, ಇವರು ಯಾರೂ ತಪ್ಪು ಮಾಡಿದವರಲ್ಲ ಎಂದು ಹೇಳುತ್ತೇನೆ.