ಹನ್ನೆರಡೂವರೆ ಮಿಲಿಮೀಟರಿನ ಲೈನರ್: ನನ್ನ ಅನುಭವ

600 ಮಿ.ಮೀ. ವ್ಯಾಸದ ಹಳೆಯ ಒಳಚರಂಡಿ ಕೊಳವೆಗೆ 15 ಮಿ.ಮೀ.ಗಿಂತ ತೆಳುವಾದ ಲೈನರ್ (ರೆಸಿನ್ ಎಂಬ ಅಂಟುದ್ರವದಲ್ಲಿ ನೆನೆಸಿ, ಒಳಗೆ ತೂರಿಸಿ, ಶಾಖದಿಂದ ಗಟ್ಟಿ ಮಾಡುವ ಬಟ್ಟೆಯ ಒಳಕೊಳವೆ) ಬಾಳುವುದಿಲ್ಲ ಎಂದು ಜೊತೆಯವರೆಲ್ಲ ಹೇಳಿದ್ದರು. ನಾನು ಹನ್ನೆರಡೂವರೆ ಹಾಕಿಸಿದೆ. ಹಲವು ಮಳೆಗಾಲಗಳು ಕಳೆದಿವೆ. ಕ್ಯಾಮೆರಾ ಇಳಿಸಿದಾಗಲೆಲ್ಲ ಗೋಡೆ ಗುಂಡಗೆ, ನುಣ್ಣಗೆ ಕಾಣುತ್ತದೆ.

ದಪ್ಪ ಲೆಕ್ಕಹಾಕುವ ಸೂತ್ರ ಎಲ್ಲರೂ ಬಳಸುವ ಅಮೆರಿಕದ ಮಾನದಂಡ ಎಎಸ್‌ಟಿಎಂ ಎಫ್‌1216ರದ್ದೇ. ಅದಕ್ಕೆ ತುಂಬುವ ಅಂಕಿಗಳನ್ನು ಮಾತ್ರ ನಾನು ಅಳೆದು ತಂದೆ. ಕಚೇರಿಯಲ್ಲಿ ಕುಳಿತು ‘ಪೂರ್ತಿ ಶಿಥಿಲ, ನೀರು ನೆಲಮಟ್ಟಕ್ಕೆ, ಅಂಡಾಕಾರ (ದುಂಡು ತಪ್ಪಿದ ಪ್ರಮಾಣ) ಶೇ 10’ ಎಂದು ಬರೆದರೆ ದಪ್ಪ ಏರಲೇಬೇಕು. ನಮ್ಮ ಕೊಳವೆ ಬಿರುಕು ಬಿಟ್ಟಿದ್ದರೂ ಮಣ್ಣಿನ ಭಾರವನ್ನು ತಾನೇ ಹೊರುತ್ತಿತ್ತು. ಲೈನರ್ ತಡೆಯಬೇಕಾದದ್ದು ಸುಮಾರು 4 ಮೀಟರ್ ಅಂತರ್ಜಲದ ಒತ್ತಡವನ್ನಷ್ಟೇ. ಅಂಡಾಕಾರ ಶೇ 5ರೊಳಗಿತ್ತು. ಶೇ 5ಕ್ಕೆ ಬಲವನ್ನು ತಗ್ಗಿಸುವ ಗುಣಕ 0.64, ಶೇ 10ಕ್ಕೆ 0.41. ವ್ಯತ್ಯಾಸ ಎಷ್ಟೆಂದು ನೋಡಿ! 50 ವರ್ಷಕ್ಕೆಂದು ಮಾಡ್ಯುಲಸ್ ಅನ್ನು, ಅಂದರೆ ಬಿಗಿತದ ಅಳತೆಯನ್ನು, ಅರ್ಧಕ್ಕಿಳಿಸುವುದು, ಸುರಕ್ಷತಾ ಅಂಶ 2 ಇಡುವುದು, ಇವೆರಡರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ರೆಸಿನ್‌ನಲ್ಲಿ ಆರನೇ ಒಂದು ಭಾಗ ಉಳಿಯಿತು. ಅದರ ಅರ್ಧದಷ್ಟು ಅಳತೆಗೇ ಹೋಯಿತು. ಆ ಖರ್ಚಿಗೆ ನನಗೆ ಬೇಸರವಿಲ್ಲ.

ದಪ್ಪವಿದ್ದರೆ ಭಯವಿಲ್ಲ ಎನ್ನುವವರು ಪಕ್ಕದ ಸಾಲನ್ನು ನೋಡಬೇಕಿತ್ತು. ಅಲ್ಲಿ ಮತ್ತೊಬ್ಬ ಗುತ್ತಿಗೆದಾರರು ಹಾಕಿದ 15 ಮಿ.ಮೀ. ಲೈನರ್ ತಳದಲ್ಲಿ ಒಳಕ್ಕೆ ಉಬ್ಬಿ, ಇಡೀ ತುಂಡನ್ನು ಕತ್ತರಿಸಿ ತೆಗೆಯಬೇಕಾಯಿತು. ತೆಗೆಯುವ ಖರ್ಚು ಹಾಕಿದ ಖರ್ಚನ್ನು ಮೀರಿತು. ಮ್ಯಾನ್‌ಹೋಲ್‌ನಲ್ಲಿ ತೆಗೆದ ಮಾದರಿ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗಿತ್ತು. ತಳದ ತುಂಡನ್ನು ಬಾಗಿಸಿ ನೋಡಿದಾಗ ಮಾಡ್ಯುಲಸ್ ಅದರ ಅರ್ಧವೂ ಇರಲಿಲ್ಲ. ಸಂದುಗಳಿಂದ ಒಸರುವ ತಣ್ಣೀರು ಕ್ಯೂರಿಂಗ್‌ನ (ರೆಸಿನ್ ಗಟ್ಟಿ ಮಾಡುವ) ಶಾಖವನ್ನು ಹೊತ್ತೊಯ್ದಿತ್ತು. ಆದ್ದರಿಂದ ನಾನು ಮೊದಲು ಸೋರಿಕೆಗೆ ಗ್ರೌಟ್ ಹಾಕಿಸುತ್ತೇನೆ, ತಳದಲ್ಲಿ ಲೈನರ್‌ಗೂ ಕೊಳವೆಗೂ ನಡುವೆ ಥರ್ಮೋಕಪಲ್ ಎಂಬ ಶಾಖಮಾಪಕ ಇಡುತ್ತೇನೆ, ತಳ ಕಾಯುವವರೆಗೆ ಬಾಯ್ಲರ್ ಆರಿಸಲು ಬಿಡುವುದಿಲ್ಲ. ತಣಿಸುವ ವೇಗವೂ ಮುಖ್ಯ, ಅವಸರ ಮಾಡಿದರೆ ಲೈನರ್ ಕುಗ್ಗಿ ಸುತ್ತ ಸಂದು ಬೀಳುತ್ತದೆ. ಆ ವೇಗದ ಅಂಕಿ ಸದ್ಯಕ್ಕೆ ನನ್ನ ಪುಸ್ತಕದಲ್ಲೇ ಇರಲಿ.

ಈ ನಡುವೆ ಪರೀಕ್ಷೆಗೆ ಕತ್ತರಿಸಿ ಉಳಿದ ಲೈನರ್ ಪಟ್ಟಿಗಳನ್ನು ನೀರಿನ ತೊಟ್ಟಿಯಲ್ಲಿಟ್ಟು ಭಾರ ತೂಗುಹಾಕಿ ಬಾಗನ್ನು ಅಳೆದೆ. 10,000 ಗಂಟೆಗಳ ಕ್ರೀಪ್ (ಬಹುಕಾಲದ ಭಾರಕ್ಕೆ ನಿಧಾನವಾಗಿ ಬಾಗುವ) ಪರೀಕ್ಷೆಗೆ ಇದು ಸಾಟಿಯಲ್ಲ. ಆದರೂ ಅರೆಬೆಂದ ಪಟ್ಟಿ ಯಾವುದೆಂದು ಮೊದಲ ವಾರದಲ್ಲೇ ಗೊತ್ತಾಯಿತು.

ಒತ್ತಡದ ನೀರಿನ ಕೊಳವೆಗೆ ಈ ದಪ್ಪವನ್ನು ಹಾಗೆಯೇ ಒಯ್ಯಬೇಡಿ. ಅಲ್ಲಿ ಒಳಗಿನ ಒತ್ತಡ ಲೈನರನ್ನು ತುಕ್ಕು ತಿಂದ ತೂತುಗಳ ಮೂಲಕ ಹೊರಕ್ಕೆ ತಳ್ಳುತ್ತದೆ. ಅತಿ ದೊಡ್ಡ ತೂತಿನ ಅಳತೆ ಸಿಗುವವರೆಗೆ ನಾನು ಲೆಕ್ಕವನ್ನೇ ಆರಂಭಿಸುವುದಿಲ್ಲ.